ಕೃಷ್ಣಾಬಾಯಿಯ ಮಡಿ ರೆಗ್ಯುಲೇಟರು

ಕೃಷ್ಣಾಬಾಯಿಯವರು ಪರರ ಮನೆಯಲ್ಲಿ ಒಂದು ಲೋಟ ನೀರು ಕುಡಿದದ್ದನ್ನು ಹಿಮಾಯತ್‌ನಗರದಲ್ಲಿ ಯಾರೂ ಕಂಡಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಣ್ಣನ ಮಗ ಪ್ರಹ್ಲಾದನ ಮನೆ ಸೇರಿದ್ದರು. ಹಿತ್ತಿಲ ಕಡೆಯ ಕೋಣೆಯಲ್ಲಿ ಇದ್ದಿಲ ಶೇಗಡಿಯ ಮೇಲೆ ತಮ್ಮಷ್ಟಕ್ಕೆ ಬೇಯಿಸಿಕೊಂಡು ಉಣ್ಣುತ್ತಿದ್ದರು. ನಾನು ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ನನ್ನನ್ನು ಕಂಡರೆ ಅವರು ಮೊದಲು ಸೆರಗು ಒತ್ತಟ್ಟಿಗೆ ಸರಿಸಿಕೊಳ್ಳುತ್ತಿದ್ದರು, ಆಮೇಲೆ ಯೋಗಕ್ಷೇಮ ಕೇಳುತ್ತಿದ್ದರು. ನನಗೆ ಅದರಿಂದ ಸಿಟ್ಟು ಬರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಅವರಿಗಿದ್ದ ಆಸೆ ಒಂದೇ. ವಿಜಾಪುರದ ಅಕ್ಕ ತುಳಸಾಬಾಯಿಗೆ ತಮ್ಮ ಕೈಯಾರೆ ಮಾಡಿ ಬಡಿಸಿ, ಎದುರು ಕೂತು ಒಂದು ಊಟ ಮಾಡಬೇಕು. ಅಕ್ಕನ ಮೊಣಕಾಲು ಹೋಗಿದ್ದವು, ಹೊಸ್ತಿಲು ದಾಟುತ್ತಿರಲಿಲ್ಲ. ತಂಗಿಗೆ ಸಕ್ಕರೆ ಕಾಯಿಲೆ. ಹೊತ್ತುಹೊತ್ತಿಗೆ ಉಣ್ಣದಿದ್ದರೆ ತಲೆ ಸುತ್ತಿ ಬೀಳುವರೆಂದು ಡಾಕ್ಟರು ಏಕಾದಶಿಯನ್ನೂ ಬಿಡಿಸಿದ್ದರು. ರೈಲಿನಲ್ಲಿ ಮಡಿಯಿಂದ ಬೇಯಿಸಿಕೊಳ್ಳುವುದು ಹೇಗೆ? ಹೀಗೆ ಇಬ್ಬರೂ ಮುಖ ನೋಡದೆ ವರ್ಷಗಳೇ ಉರುಳಿದ್ದವು.

ಎಪ್ಪತ್ತರ ದಶಕದ ಕೊನೆಯಲ್ಲಿ ಪ್ರಹ್ಲಾದ ಹರಾಜೊಂದರಲ್ಲಿ ಹುಚ್ಚು ಖರೀದಿ ಮಾಡಿದ. ವಿದೇಶಿ ತಂಡವೊಂದು ಬಿಟ್ಟುಹೋಗಿದ್ದ ಮೋಟಾರು ಮನೆ ಅದು. ಒಳಗೆ ಮಂಚ, ನೀರಿನ ತೊಟ್ಟಿ, ಮೂಲೆಯಲ್ಲಿ ಗ್ಯಾಸಿನ ಒಲೆ. ವಯಸ್ಸಿನಲ್ಲಿ ಗಾಡಿ ಪ್ರಹ್ಲಾದನಿಗೆ ಸಮ, ಕೆಮ್ಮುವುದರಲ್ಲಿ ಅವನಿಗಿಂತ ಮುಂದು.

"ಅತ್ಯಾ, ಇನ್ನ ಅಡಗಿಮನೀನ ನಿಮ್ಮ ಕೂಡ ವಿಜಾಪುರಕ್ಕ ಬರ್ತದ. ಏನ್ ಅಡ್ಡಿ?" ಎಂದ.

ಗ್ಯಾಸಿನ ಅಡುಗೆ ಕೃಷ್ಣಾಬಾಯಿಯವರು ಅದುವರೆಗೆ ಮುಟ್ಟಿದ್ದಿಲ್ಲ. ತುಂಬಾ ಯೋಚಿಸಿ ಕೊನೆಗೆ ತಾವೇ ತೀರ್ಪು ಕೊಟ್ಟರು: "ಬೆಂಕಿಗೆ ಮೈಲಿಗಿ ಇಲ್ಲ. ಗ್ಯಾಸಿಂದಾದ್ರೂ ಬೆಂಕಿ ಬೆಂಕೀನ."

ಸಿಲಿಂಡರಿನಿಂದ ಒಲೆಗೆ ಬರುವ ಗ್ಯಾಸನ್ನು ಹದದಲ್ಲಿ ಇಡುವ ರೆಗ್ಯುಲೇಟರು ಮಾತ್ರ ಸತ್ತುಹೋಗಿತ್ತು. ಅದರ ಒಳಗಿನ ರಬ್ಬರು ಬಿರಿದಿತ್ತು. ಪ್ರಹ್ಲಾದನ ಗೆಳೆಯ ಚನ್ನಬಸಪ್ಪ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅಬಿಡ್ಸ್ ಪೇಟೆಯಿಂದ ಹೊಸದು ತಂದು ಕೂರಿಸಿದ. ಉರಿ ನೀಲಿಯಾಗಿ ನಿಂತಿತು. ಗಾಡಿಯಲ್ಲೇ ಅಡುಗೆ ಮಾಡಿ ಕೈ ಕುದುರಿಸಿಕೊಳ್ಳುತ್ತೇನೆಂದು ಕೃಷ್ಣಾಬಾಯಿ ಅಲ್ಲೇ ಬೇಯಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ ಉರಿ ಒಮ್ಮೆ ಸೂರಿಗೆ ನೆಗೆಯಿತು, ಒಮ್ಮೆ ಆರಿತು. ಚನ್ನಬಸಪ್ಪ ರಬ್ಬರು ಕೊಳವೆಯನ್ನು ದೂರಿದ, ಅದನ್ನು ಬದಲಿಸಿದ. ಆಮೇಲೆ ಅಂಗಡಿಯವನನ್ನು ಬೈದು ಇನ್ನೊಂದು ರೆಗ್ಯುಲೇಟರು ತಂದ. ಅದೂ ಕೆಟ್ಟಿತು. ಆಗ ಬಿಚ್ಚಿ ನೋಡಿದ.

"ಇದರಾಗ ನೀರು ತುಂಬೈತಲ್ರಿ! ಸ್ಪ್ರಿಂಗ್ ಜಂಗ್ ಹಿಡದೈತಿ. ಗಾಡಿ ಏನು ಮೂಸಿ ನದ್ಯಾಗ ಬಿದ್ದಿತ್ತೇನ್ರಿ?"

"ನಾನೇ ತೊಳದೀನಿ," ಎಂದರು ಬಾಗಿಲಲ್ಲಿ ನಿಂತ ಕೃಷ್ಣಾಬಾಯಿ, ಎಳ್ಳಷ್ಟೂ ಅಳುಕಿಲ್ಲದೆ. "ನೀವೆಲ್ಲಾ ಮುಟ್ಟಿದ್ರಲ್ಲಾ. ಅಡಗಿಗೆ ಮದಲ ದಿನಾ ತಂಬಗಿ ತುಂಬ ನೀರು ಹಾಕ್ತೀನಿ."

ಪ್ರಹ್ಲಾದ ತಲೆಯ ಮೇಲೆ ಕೈ ಹೊತ್ತು ಕೂತ. ಚನ್ನಬಸಪ್ಪ ಮಾತ್ರ ಸಮಾಧಾನದಿಂದಲೇ ಹೇಳಿದ: "ಬಾಯಾರ, ಇದಕ್ಕ ಉಸಿರಾಡಾಕ ಸಣ್ಣ ತೂತು ಇರತೈತ್ರಿ. ಅದರಾಗ ನೀರು ಹೊಕ್ರ ಗ್ಯಾಸಿಗೆ ಲಗಾಮು ಇರಂಗಿಲ್ಲ. ಒಂದಿನ ಗಾಡಿ ಸಮೇತ ಸುಟ್ಟು ಹೋಗ್ತೀರಿ."

"ತೊಳೀದ ಅದನ್ನ ಮುಟ್ಟಿ ನಾ ಅಡಗಿ ಹೆಂಗ ಮಾಡ್ಲಿ?"

ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ವಿಜಾಪುರ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು.

ಮರುದಿನ ಬೆಳಿಗ್ಗೆ ಕೃಷ್ಣಾಬಾಯಿ ಸ್ನಾನ ಮಾಡಿ, ಪೂಜೆಗೆ ಉಡುವ ಧಾಬಳಿ ತೆಗೆದುಕೊಂಡು ಬಂದರು. ಉಣ್ಣೆಯ ಬಟ್ಟೆಗೆ ಮೈಲಿಗೆ ತಗಲದೆಂಬುದು ಅವರ ಹಿರಿಯರ ಶಾಸ್ತ್ರ. ಚನ್ನಬಸಪ್ಪ ಮತ್ತೆ ತಂದಿದ್ದ ಹೊಸ ರೆಗ್ಯುಲೇಟರನ್ನು ಅದರ ಮೇಲೆ ಬಿಸಿಲಿಗಿಡಿಸಿದರು. ನಟ್ಟು ಬಿಗಿಯುವ ಪಾನಾ ಒಂದನ್ನು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒಣಗಿಸಿದರು.

"ನೀರು ಬ್ಯಾಡಂದ್ರ ಬ್ಯಾಡ. ಸೂರ್ಯ ನೋಡಿದ್ರ ಸಾಕು. ಆದ್ರ ಇನ್ನ ಇದನ್ನ ನಾ ಬಿಟ್ಟು ಯಾರೂ ಮುಟ್ಟಬಾರದು. ಚನ್ನಬಸಪ್ಪನವರ, ನೀವು ಹೊರಗ ನಿಂತು ಹೇಳ್ರಿ, ನಾನೇ ಕೂಡಸ್ತೀನಿ."

ಚನ್ನಬಸಪ್ಪ ಕಿಟಕಿಯ ಹೊರಗೆ ನಿಂತ. ಸಿಲಿಂಡರಿನ ಕೀಲಿ ಮುಚ್ಚಿದೆಯೇ ಎಂದು ನೋಡಿಸಿದ. ನಟ್ಟು ಸೊಟ್ಟಗೆ ಹತ್ತದಂತೆ ಮೊದಲು ಬೆರಳಿನಿಂದಲೇ ತಿರುಗಿಸಲು ಹೇಳಿದ. ಅವರು ತಿರುಗಿಸಿದರು, ಅದು ಹಿಡಿಯಲಿಲ್ಲ.

"ಪ್ರದಕ್ಷಿಣಿ ಹಾಕಿದಂಗ ಅಲ್ರಿ ಬಾಯಾರ, ಉಲ್ಟಾ ತಿರುವ್ರಿ. ಗ್ಯಾಸಿನ ನಟ್ಟು ಎಡಕ್ಕ ಬಿಗೀತಾವ."

"ಅಪ್ರದಕ್ಷಿಣಿನೇ? ಎಂಥಾ ಕರ್ಮ!" ಎಂದು ಗೊಣಗಿದರೂ ಬಿಗಿದರು. ತೋಳಿನ ನರ ಉಬ್ಬುವಂತೆ ಪಾನಾ ಎಳೆದರು. ಸೋರುವುದೇ ಎಂದು ನೋಡಲು ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಬೇಕಿತ್ತು. ಸಾಬೂನಿನಲ್ಲಿ ಯಾವ ಪ್ರಾಣಿಯ ಕೊಬ್ಬೋ ಎಂದು ಅಂಟವಾಳಕಾಯಿ ಹಿಂಡಿ ನೊರೆ ಮಾಡಿ, ಉಸಿರಿನ ತೂತಿಗೆ ತಾಗದಂತೆ ಬೆರಳ ತುದಿಯಿಂದ ಹಚ್ಚಿದರು. ಕೀಲಿ ತೆರೆದರು. ಗುಳ್ಳೆ ಏಳಲಿಲ್ಲ. ಒಲೆ ಹಚ್ಚಿದಾಗ ಉರಿ ಅಲ್ಲಾಡದೆ ನಿಂತಿತು. ಅವರ ಮುಖ ನೋಡಿ ನನ್ನ ಹಳೆಯ ಸಿಟ್ಟೂ ಇಳಿಯಿತು.

ಮುಂದಿನ ವಾರ ಹೊರಟೆವು. ಗಾಡಿ ನಿಂತಲ್ಲಿ ದಬ್ಬಲು ಒಬ್ಬ ಬೇಕಿದ್ದರಿಂದ ನನ್ನನ್ನೂ ಕರೆದಿದ್ದರು, ದಬ್ಬಿದೆ ಕೂಡ. ವಿಜಾಪುರದಲ್ಲಿ ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಕೃಷ್ಣಾಬಾಯಿ ತೊಟ್ಟಿಯ ನೀರಿನಲ್ಲಿ ಮಿಂದು, ಹೋಳಿಗೆ, ಕಟ್ಟಿನ ಸಾರು ಮಾಡಿದರು. ಮುಚ್ಚಿದ ಪಾತ್ರೆಗಳನ್ನು ತಾವೇ ಒಳಗೆ ಒಯ್ದರು. ಗೋಡೆಗೆ ಒರಗಿ ಕೂತಿದ್ದ ತುಳಸಾಬಾಯಿ ತಂಗಿಯನ್ನು ಕಣ್ತುಂಬ ನೋಡಿದರು. ಆಮೇಲೆ ಪಾತ್ರೆಗಳನ್ನು ನೋಡಿದರು.

"ಯಾವ ಒಲೀ ಮ್ಯಾಲೆ ಮಾಡೀದಿ?"

"ಗ್ಯಾಸಿನ ಮ್ಯಾಲೆ."

"ಹಂಗಾದ್ರ ನಾ ಉಣ್ಣೂದಿಲ್ಲವಾ, ಕೃಷ್ಣೀ."

ಪ್ರಹ್ಲಾದ ವಾದಕ್ಕೆ ಇಳಿಯಲಿದ್ದ. ಕೃಷ್ಣಾಬಾಯಿ ಕೈಯೆತ್ತಿ ತಡೆದರು. ಊರಿಗೆಲ್ಲ ತಾವು ಹೇಳಿಕೊಂಡು ಬಂದಿದ್ದ ‘ಉಣ್ಣುವುದಿಲ್ಲ’ ಎಂಬ ಮಾತನ್ನು ಅವರು ಮೊದಲ ಸಲ ಇನ್ನೊಬ್ಬರ ಬಾಯಿಂದ ಕೇಳಿದ್ದರು. ಅಕ್ಕನ ಎದುರು, ಮುಟ್ಟದಷ್ಟು ದೂರದಲ್ಲಿ, ಮಣೆ ಹಾಕಿಕೊಂಡು ಕೂತರು. ಅಕ್ಕ ಪಕ್ಕದಲ್ಲಿದ್ದ ತಟ್ಟೆಯ ಅವಲಕ್ಕಿಗೆ ಕೈ ಹಚ್ಚಿದರು. ತಂಗಿ ಪಾತ್ರೆ ತೆರೆಯಲೇ ಇಲ್ಲ.

"ಏನ್ ಮಾಡೀದಿ?" ಎಂದರು ತುಳಸಾಬಾಯಿ.

"ಹೋಳಿಗಿ. ಅವ್ವ ಮಾಡ್ತಿದ್ದಂಗ."

"ಮುಚ್ಚಳಾ ತಗಿ. ವಾಸನಿಗೆ ಮೈಲಿಗಿ ಇಲ್ಲ."

ಕೃಷ್ಣಾಬಾಯಿ ಮುಚ್ಚಳ ತೆಗೆದು ಪಾತ್ರೆಯನ್ನು ಎಷ್ಟು ಹತ್ತಿರ ದೂಡಬಹುದೋ ಅಷ್ಟು ಹತ್ತಿರ ದೂಡಿದರು. ತುಳಸಾಬಾಯಿ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದರು.

"ಯಾಲಕ್ಕಿ ಹೆಚ್ಚಾಗ್ಯದ," ಎಂದರು. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ಅವ್ವಗೂ ಹಿಂಗೇ ಹೆಚ್ಚಾಗ್ತಿತ್ತು. ಇನ್ನ ನೀ ಉಣ್ಣು, ನಾ ನೋಡ್ತೀನಿ."