ಹತ್ತಬೇಕಾಗಿಲ್ಲದ ಬೆಟ್ಟ

‘ನಮ್ಮ ಬೆಟ್ಟ ಕೈತಪ್ಪುವ ಹಾಗಿದೆ. ಊರಿನ ನಕಾಶೆ ಹೊಸದಾಗಿ ಬರೆಯಬೇಕು, ಕೂಡಲೇ ಬಾ’ ಎಂದು ಸುಬ್ರಾಯನ ಕಾರ್ಡು ಬಂತು. ಧಾರವಾಡದಲ್ಲಿ ನನ್ನ ಜೊತೆ ಓದಿದವನು, ಈಗ ವಾನಳ್ಳಿ ಕಡೆಯ ಒಂದು ಹಳ್ಳಿಗೆ ಪಂಚಾಯ್ತಿ ಚೇರ್ಮನ್. ನಾನು ಹುಬ್ಬಳ್ಳಿಯಲ್ಲಿ ಡ್ರಾಯಿಂಗ್ ಮಾಸ್ತರ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಆ ಕಡೆಯ ಕಾಡನ್ನು ನಾನಿನ್ನೂ ಕಂಡಿರಲಿಲ್ಲ. ಬೆಟ್ಟ ಹತ್ತಬೇಕಾದೀತೆಂದು ಕ್ಯಾನ್‌ವಾಸ್ ಬೂಟು ಕೊಂಡೆ.

ಬೆಳಗಿನ ಏಳರ ಬಸ್ಸು. ಕಲಘಟಗಿ ದಾಟಿ ಸ್ವಲ್ಪ ದೂರಕ್ಕೆ ಹೊಲಗಳು ಮುಗಿದು ಸಾಗವಾನಿ ಕಾಡು ಶುರುವಾಯಿತು. ಯಲ್ಲಾಪುರಕ್ಕೆ ಸುಮಾರು ನಲವತ್ತೈದು ಮೈಲಿ. ಅಲ್ಲಿ ಅವಲಕ್ಕಿ ತಿಂದು ಚಹಾ ಕುಡಿದೆ. ಇನ್ನೂ ಮೂವತ್ತು ಮೈಲಿ ಕೆಂಪು ಧೂಳು ಕುಡಿದು ಶಿರಸಿಯಲ್ಲಿ ಇಳಿದಾಗ ನನ್ನ ಬಿಳಿ ಅಂಗಿ ಕಾವಿಯಾಗಿತ್ತು, ಸನ್ಯಾಸವೊಂದೇ ಬಾಕಿ. ಮತ್ತೊಂದು ಬಸ್ಸು, ಎರಡು ಮೈಲಿ ನಡಿಗೆ. ಸಂಜೆಗೆ ಸುಬ್ರಾಯನ ಮನೆ ಸಿಕ್ಕಿತು.

ಊರಿನ ಯಾವ ಜಾಗ ಯಾವುದಕ್ಕೆಂದು ಪಂಚಾಯ್ತಿಯೇ ಬರೆದುಕೊಡಬೇಕಿತ್ತಂತೆ. ಪೇಟೆಯ ವ್ಯಾಪಾರಿಯೊಬ್ಬರು ಮರ ಕೊಯ್ಯುವ ಮಿಲ್ಲಿಗೆ ಜಾಗ ಕೇಳಿದ್ದರು. ‘ಬೆಟ್ಟ ಒಂದನ್ನು ಬಿಟ್ಟು ಎಲ್ಲಾದರೂ ಕೊಡಬಹುದು’ ಎಂದು ಪಂಚಾಯ್ತಿ ಠರಾವು ಮಾಡಿತು. ನಕಾಶೆ ಮಾಡಿದ ಓವರ್ಸಿಯರ್ ಸರಿಯಾಗಿ ಬೆಟ್ಟದಲ್ಲೇ ಮಿಲ್ಲಿನ ಗುರುತು ಹಾಕಿದ್ದರು. ಮರುದಿನ ಬಂದು ಪಂಚಾಯ್ತಿಯ ಕಡೆಯ ಸಹಿ ತೆಗೆದುಕೊಳ್ಳುವವರಿದ್ದರು.

“ದುಡ್ಡು ತಿಂದಿದಾನೆ ಮಾರಾಯ, ಮತ್ತೆಂತ?” ಎಂದ ಸುಬ್ರಾಯ.

ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆಗೆ ಜೋನಿಬೆಲ್ಲ ಹಚ್ಚಿಕೊಂಡು ತಿಂದು, ಬೂಟಿನ ಲಾಡಿ ಬಿಗಿದು ಅವನ ಜೊತೆ ಹೊರಟೆ. ಸಮತಟ್ಟು ನೆಲದಲ್ಲಿ, ಟೊಂಗೆ ಕಡಿಸಿಕೊಂಡ ಮರಗಳ ನಡುವೆ ಅರ್ಧ ಮೈಲಿ ನಡೆದರೂ ಏರು ಬರಲಿಲ್ಲ. ತಡೆಯಲಾರದೆ, “ಬೆಟ್ಟ ಇನ್ನೂ ಎಷ್ಟು ದೂರ ಐತೊ?” ಎಂದೆ.

ಅಲ್ಲೇ ಸೊಪ್ಪು ಕಟ್ಟುತ್ತಿದ್ದ ಅವನ ಹೆಂಡತಿ ಗಂಗಕ್ಕ ಹೊರೆ ಬಿಟ್ಟು ನಕ್ಕರು. “ಇವಕ್ಕೆ ಬೆಟ್ಟ ಅಂದ್ರೆ ಗೊತ್ತಿಲ್ಲೆ” ಎಂದು ಗಂಡನಿಗೆ ಹೇಳಿ ನನ್ನತ್ತ ತಿರುಗಿದರು. “ಮಾಸ್ತರ್ರೇ, ನೀವು ನಿಂತಿದ್ದೇ ಬೆಟ್ಟ. ಸೊಪ್ಪು ಕಡಿಯೋ ಕಾಡಿಗೆ ನಾವು ಬೆಟ್ಟ ಅಂತೇವೆ. ಈ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆ ಗೊಬ್ಬರ ತೋಟಕ್ಕೆ. ಬೆಟ್ಟ ಹೋದಮೇಲೆ ತೋಟ ಎಷ್ಟು ವರ್ಷ ಬದುಕ್ತದೆ?”

“ನಿಮ್ಮ ಓವರ್ಸಿಯರ್ ಯಾವ ಊರವರು?” ಎಂದು ಕೇಳಿದೆ.

“ನಿಮ್ಮ ಸೀಮೆಯವನೇ, ಹಾವೇರಿ ಕಡೆ” ಎಂದ ಸುಬ್ರಾಯ. ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

ಹನ್ನೊಂದಕ್ಕೆ ಓವರ್ಸಿಯರ್ ಸೈಕಲ್ಲಿನಲ್ಲಿ ಸುಬ್ರಾಯನ ಮನೆಗೆ ಬಂದರು. ಬೆವರು ಒರೆಸುತ್ತ ದೂರದ ಒಂದು ಬೋಳು ಗುಡ್ಡ ತೋರಿಸಿದರು. “ನಿಮ್ಮ ಬೆಟ್ಟಕ್ಕ ನಾ ಕೈ ಹಚ್ಚಿಲ್ರಿ. ನೋಡ್ರಿ, ಪೂರಾ ಕಾದಿಟ್ಟೀನಿ.” ಮೇಕೆಗೂ ಮೇವು ಸಿಗದ ಆ ಕಲ್ಲುಗುಡ್ಡದ ಸುತ್ತ ನಕಾಶೆಯಲ್ಲಿ ದಪ್ಪ ಹಸಿರು ಗೆರೆ ಇತ್ತು.

ನಾನು ಇಬ್ಬರ ಬೆಟ್ಟವನ್ನೂ ಬಿಡಿಸಿ ಹೇಳಿದೆ. ಸುಬ್ರಾಯ ತಲೆ ತಗ್ಗಿಸಿದ. “ತಪ್ಪು ನಮ್ದೇ. ನಾನು ನಿಮ್ಮ ಮೇಲೆ ಎಂತೆಂತದೋ ಹೇಳಿಬಿಟ್ಟಿದ್ದೆ.”

“ಏನಂದಿದ್ರಿ?”

ಸುಬ್ರಾಯ ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದ.

ಮಧ್ಯಾಹ್ನ ಪಂಚಾಯ್ತಿ ಸೇರಿ ಠರಾವು ತಿದ್ದಿತು. ನಾನು ಹಸಿರು ಗೆರೆಯನ್ನು ಗುಡ್ಡದಿಂದ ಇಳಿಸಿ ಸೊಪ್ಪಿನ ಕಾಡಿಗೆ ತಂದೆ. ಮಿಲ್ಲು ಕಲ್ಲುಗುಡ್ಡದ ಬುಡಕ್ಕೆ, ರಸ್ತೆಯ ಬದಿಗೆ ಹೋಯಿತು. ಓವರ್ಸಿಯರ್ ಪಕ್ಕದಲ್ಲಿ ಕುಳಿತು ಬರೆಸಿದರು: ‘ಸೊಪ್ಪಿನ ಬೆಟ್ಟ. ಇದು ಗುಡ್ಡವಲ್ಲ.’ ಮರುದಿನ ನಾನು ಊರಿಗೆ ಹೊರಟಾಗ ಶಿರಸಿಯ ಬಸ್‌ಸ್ಟ್ಯಾಂಡಿಗೇ ಬಂದು, “ನಮ್ಮ ಆಫೀಸಿನ ಸಾಹೇಬ್ರು ನಕ್ಕು ಸಹಿ ಮಾಡಿದ್ರು ನೋಡ್ರಿ” ಎಂದರು. ಅವರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

ಅದೇ ಹುರುಪಿನಲ್ಲಿ ಹುಬ್ಬಳ್ಳಿ ಮುಟ್ಟಿ, ಚೀಲ ಇಳಿಸುತ್ತಲೇ ಹೆಂಡತಿಗೆ, “ಬೆಟ್ಟ ಉಳೀತು” ಎಂದೆ.

ಅವಳು ನನ್ನ ಧೂಳು ಹಿಡಿದ ಬೂಟು ನೋಡಿ ಕೇಳಿದಳು: “ಬೆಟ್ಟ ಎಲ್ಲಿ ಓಡಿ ಹೊಂಟಿತ್ರಿ?”