ಅಂಚಿಲ್ಲದ ಕಪ್ಪು ಬಟ್ಟೆ

ಕಳೆದ ವಾರ ಸೇಲಂ ಬಸ್ ನಿಲ್ದಾಣದ ಹತ್ತಿರ ಮಗಳು ಗೋಬಿ ಬೇಕೆಂದು ಹಟ ಹಿಡಿದಳು. ತಳ್ಳುಗಾಡಿಯವನು ಕಾದ ಬಾಣಲೆಗೆ ವಿನಿಗರ್ ಸುರಿದ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತುಂಬಿಕೊಂಡಿತು. ಹೊಗೆ ತಾಗಿತೆಂದು ಮಗಳು ಅಂದುಕೊಂಡಳು. ಕತ್ತಲೆ ಕೋಣೆಯಲ್ಲಿ ಫೋಟೋ ಕಾಗದವನ್ನು ಅದ್ದಿ ತೆಗೆಯುವ ನೀರಿಗೂ ಇದೇ ವಾಸನೆ. ನಮ್ಮ ಸ್ಟುಡಿಯೋ ಅಕ್ಕನ ಸೆರಗಿಗೂ...

ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಒಳಗೂ ಹೊರಗೂ ಮಗ್ಗದ ಸದ್ದು. ನೇಯುವುದು ಬಿಳಿ ರೇಷ್ಮೆ ಪಂಚೆ. ಬೀದಿಯ ಕೊನೆಯಲ್ಲಿ ಎರಡು ಕೋಣೆಯ ಸ್ಟುಡಿಯೋ. ಅದನ್ನು ಕಟ್ಟಿದ ತನ್ನ ಅಪ್ಪ ತೀರಿಕೊಂಡ ಮೇಲೆ, ಬೀದಿಗೆಲ್ಲ ಅಕ್ಕನಾಗಿದ್ದ ಅವಳು ಒಬ್ಬಳೇ ನಡೆಸಿದಳು. ಅವಳ ಬೆರಳ ತುದಿಗಳು ಯಾವಾಗಲೂ ಕಂದು, ಎಷ್ಟು ಉಜ್ಜಿದರೂ ಹೋಗದ ಔಷಧಿ ಕಲೆ. ಪೌಡರ್ ಮೆತ್ತಿಕೊಂಡು ಬಂದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಓಗು, ಮಗ್ಗದಾಗೆ ಒಂದು ಗಳಿಗೆ ಕುಂತು ಬಾ. ಆಮೇಲೆ ತೆಗೀತೀನಿ" ಎಂದು ಮದುಮಗನನ್ನೂ ವಾಪಸು ಅಟ್ಟಿದವಳು ಅವಳು. ಬೀದಿಯ ಪ್ರತಿ ಮನೆಗೂ ಅವಳಲ್ಲಿ ಒಂದೊಂದು ಬಿಸ್ಕತ್ತಿನ ಡಬ್ಬಿ ಇತ್ತು. ಆ ಮನೆಯವರ ನೆಗೆಟಿವ್‌ಗಳೆಲ್ಲ ಅದರಲ್ಲಿ.

ಊರಿನ ಬೇರೆ ಸ್ಟುಡಿಯೋಗಳು ಕಂಪ್ಯೂಟರ್ ತಂದವು. ಅಕ್ಕ ತರಲಿಲ್ಲ. ಹಟಮಾರಿ ಎಂದರು. ಹೌದು, ಹಟಮಾರಿಯೇ. ಆದರೆ ಹಟ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಎಲ್ಲರ ಕೈಗೂ ಫೋನು ಬಂತು, ಸ್ಟುಡಿಯೋ ಮೆಟ್ಟಿಲು ಹತ್ತುವವರಿಲ್ಲವಾಯಿತು. ಫಿಲ್ಮು, ಕಾಗದಗಳನ್ನು ಪೆಟ್ಟಿಗೆಗಟ್ಟಲೆ ಕೊಂಡರೆ ಮಾತ್ರ ತರಿಸುತ್ತೇನೆಂದು ಚೆನ್ನೈ ಅಂಗಡಿಯವನೂ ಹೇಳಿಬಿಟ್ಟ. ಒಂದು ದಿನ ನೋಡುತ್ತೇನೆ, ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರವನ್ನು ಅಕ್ಕ ಹೊರಗಿಟ್ಟು ಒರೆಸುತ್ತಿದ್ದಾಳೆ. ಹರೂರಿನಲ್ಲಿ ಹೋಟೆಲು ತೆರೆಯುವ ಒಬ್ಬರು ಅದನ್ನು ಷೋಕಿಗೆ ಬಾಗಿಲಲ್ಲಿಡಲು ಕೇಳಿದ್ದಾರಂತೆ. ಮುಂದಿನ ವಾರ ಬಂದು ಒಯ್ಯುತ್ತಾರಂತೆ.

"ಎಲ್ಲಾ ಮುಗೀತು ಕಣೇ. ಪರವಾಯಿಲ್ಲೆ ಬುಡು" ಎಂದಳು, ನನ್ನ ಮುಖ ನೋಡದೆ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಆಡುವುದಿಲ್ಲ. ಅಂದು ಬೀದಿಯವರೆಲ್ಲ ಅಮ್ಮನ ಗುಡಿ ಜಗಲಿಯಲ್ಲಿ ಕೂತು ಮಾತಾಡುವುದು ವಾಡಿಕೆ. ಹಬ್ಬಕ್ಕೆ ಮಗ್ಗಕ್ಕಿಷ್ಟು ಹಣವೆಂದು ವರಿ ಎತ್ತುತ್ತೇವಲ್ಲ, ಹಾಗೆಯೇ ಅಕ್ಕನ ಫಿಲ್ಮಿಗೂ ವರ್ಷಕ್ಕೊಂದು ವರಿ ಎತ್ತೋಣ, ಬದಲಿಗೆ ಪ್ರತಿ ಮನೆಗೂ ವರ್ಷಕ್ಕೊಂದು ಫೋಟೋ ಸಿಗಲಿ ಎಂದು ನಾನು ಕೇಳಿದೆ. ಮೊದಲು ಬಾಯಿ ಹಾಕಿದವರು ನಮ್ಮ ದೊಡ್ಡಪ್ಪನೇ.

"ಫೋನ್‌ನಾಗೆ ಎಷ್ಟು ಬೇಕಾದ್ರೂ ತೆಗೀಬೋದು. ಇದ್ಯಾಕಮ್ಮಾ, ತೇವೆಯಿಲ್ಲದ, ಬೇಡದ ಕೆಲಸ?"

ನನ್ನ ಅಪ್ಪನ ಫೋಟೋಗಳೆಲ್ಲ ನನ್ನ ಫೋನಿನಲ್ಲಿದ್ದವು. ಅಪ್ಪ ಸತ್ತ ತಿಂಗಳೊಳಗೆ ಅದು ಬಣ್ಣ ಹಾಕುವ ತೊಟ್ಟಿಗೆ ಬಿತ್ತು, ಎಲ್ಲ ಹೋಯಿತು. ಆಗ ನಮ್ಮ ಡಬ್ಬಿ ತೆರೆದು, ಮಗ್ಗದಲ್ಲಿ ಕೂತ ಅಪ್ಪನನ್ನು ಹುಡುಕಿ, ಮತ್ತೆ ಕಾಗದಕ್ಕಿಳಿಸಿ ಕೊಟ್ಟವಳು ಅಕ್ಕ. ಅಂದು ಆ ಚಿತ್ರ ನನ್ನ ಸೆರಗಿನಲ್ಲೇ ಇತ್ತು. ತೆಗೆದು ದೊಡ್ಡಪ್ಪನ ಮುಂದಿಟ್ಟೆ.

"ನಿನ್ನ ತಮ್ಮನ ಮುಖ ಇದರಾಗಲ್ದೆ ಇನ್ನೆಲ್ಲೈತೆ ದೊಡ್ಡಪ್ಪಾ?"

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೇಲುಹೊದಿಕೆಯಿಂದ ಮೂಗೊರೆಸಿಕೊಂಡು, "ಸರಿ, ನನ್ನ ಮಗ್ಗದ್ದು ಬರ್ಕೊ" ಎಂದರು. ಮಿಕ್ಕವರು ಒಬ್ಬೊಬ್ಬರಾಗಿ ಒಪ್ಪಿದರು. ಹರೂರಿನವರು ಬರಿಗೈಯಲ್ಲಿ ಹೋದರು. ಪಾಪ, ಅವರಿಗೆ ಕಾಫಿ ಕೊಟ್ಟು ಕಳಿಸಿದೆವು.

ಪೆಟ್ಟಿಗೆಗಳು ಬಂದವು. ಆದರೆ ಕತ್ತಲೆ ಕೋಣೆಯ ಬಾಗಿಲು ಕಿಟಕಿಗಳನ್ನು ಗೆದ್ದಲು ತಿಂದುಹಾಕಿತ್ತು. ಬೆಳಕಿನ ಎಳೆಯೂ ನುಸುಳದ ದಪ್ಪ ಕಪ್ಪು ಬಟ್ಟೆ ಬೇಕೆಂದಳು ಅಕ್ಕ. ಬೀದಿಯವರು ಹಿಂಜರಿದರು. ಮದುವೆ ಪಂಚೆ ನೇಯುವ ಮಗ್ಗ, ಅದಕ್ಕೆ ಕಪ್ಪು ನೂಲು ಏರಿಸುವುದೆಂದರೇನು! ಕೊನೆಗೆ ದೊಡ್ಡಪ್ಪನೇ ಎದ್ದರು. ಹೆಂಗಸರು ಮಗ್ಗಕ್ಕೆ ಕರ್ಪೂರ ಹಚ್ಚಿ, ತಪ್ಪಾಯಿತೆಂದು ಮೊದಲೇ ಕೇಳಿಕೊಂಡರು. ದೊಡ್ಡಪ್ಪ ಹತ್ತಿ ನೂಲು ತಂದು, ಒತ್ತಾಗಿ, ಬೆರಳಷ್ಟು ದಪ್ಪ ಎಂದು ನಾವು ತಮಾಷೆ ಮಾಡುವ ಹಾಗೆ ನೇಯ್ದರು. ಪರದೆ ಕಟ್ಟಿದೆವು. ಅಕ್ಕ ಒಳಹೋದಳು, ನಾವು ಬೀದಿಯಲ್ಲಿ ಕಾದೆವು.

ಹೊರಬಂದಾಗ ಅವಳ ಕೈಯಲ್ಲಿದ್ದ ಕಾಗದಗಳೆಲ್ಲ ಮಂಕು ಬೂದಿ ಬಣ್ಣ, ಒಂದರಲ್ಲೂ ಮುಖವಿಲ್ಲ.

"ಯಾರ್ಲಾ ಪರದೆಗೆ ಅಂಚು ಆಕಿದ್ದು?"

ನೋಡಿದರೆ, ಬಟ್ಟೆಯ ಎರಡೂ ಬದಿಗೆ ಎರಡು ಬೆರಳಗಲ ಹಳದಿ ಅಂಚು. ಒಳ್ಳೆಯ ಕೆಲಸಕ್ಕೆ ಹೋಗುವ ಬಟ್ಟೆ ಬರೀ ಕಪ್ಪಾಗಿ ಹೋಗಬಾರದೆಂದು ದೊಡ್ಡಪ್ಪ ಜರಿ ಎಳೆ ಸೇರಿಸಿ ನೇಯ್ದುಬಿಟ್ಟಿದ್ದರು. ಆ ತೆಳು ಅಂಚಿನಿಂದಲೇ ಬೆಳಕು ಒಳಗೆ ಜಾರಿತ್ತು. ವರಿಯಿಂದ ತರಿಸಿದ ಕಾಗದದಲ್ಲಿ ಒಂದು ಪೊಟ್ಟಣ ಹಾಳು. ಅಂಚನ್ನು ಕತ್ತರಿಸೋಣ ಎಂದು ಯಾರೋ ಅಂದರು. ಮಗ್ಗದಿಂದಿಳಿದ ಬಟ್ಟೆಯ ಅಂಚಿಗೆ ಕತ್ತರಿ ಹಾಕುವ ಕೈ ನಮ್ಮ ಬೀದಿಯಲ್ಲಿ ಇರಲಿಲ್ಲ. ಅಕ್ಕನೂ ಹಾಕಲಿಲ್ಲ. ಸಿಟ್ಟಿನಲ್ಲಿದ್ದವಳು ಇದ್ದಕ್ಕಿದ್ದಂತೆ ನಕ್ಕಳು, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ದೊಡ್ಡಪ್ಪ ಮಾತ್ರ ನಗಲಿಲ್ಲ. ಮಾರನೆಯ ದಿನವೇ ಹೊಸ ಹಾಸು ಏರಿಸಿ, ಜೀವಮಾನದಲ್ಲಿ ಮೊದಲ ಸಲ ಅಂಚಿಲ್ಲದ ಬಟ್ಟೆ ನೇಯ್ದರು.

ಆಮೇಲಿನ ವರ್ಷಗಳನ್ನು ನೆನೆದರೆ ನನಗೆ ಎದೆ ಉಬ್ಬುತ್ತದೆ, ಮುಚ್ಚಿಡುವುದೇಕೆ? ಧರ್ಮಪುರಿ ಕಡೆಯ ಕಾಲೇಜು ಮಕ್ಕಳು, ಪಾಪಿರೆಡ್ಡಿಪಟ್ಟಿಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಯರು ಅಕ್ಕನ ಹತ್ತಿರ ಕಲಿತರು. ದೊಡ್ಡ ಊರುಗಳಲ್ಲೂ ಕತ್ತಲೆ ಕೋಣೆಗಳು ಮುಚ್ಚಿದವಂತೆ. ನಮ್ಮದು ಮುಚ್ಚಲಿಲ್ಲ. ನನ್ನನ್ನೂ ಒಳಗೆ ಕರೆದು, ಕತ್ತಲಲ್ಲಿ ಕೈಯಿಂದಲೇ ಫಿಲ್ಮು ಸುತ್ತುವುದನ್ನು ಕಲಿಸಿದಳು. "ಕಣ್ಣು ಬುಡ್ಬೇಡ, ಬೆರಳು ನೋಡ್ಲಿ" ಎನ್ನುತ್ತಿದ್ದಳು.

ಹೋದ ವರ್ಷ ಅಕ್ಕ ಹೋದಳು. ಮೂರೇ ದಿನದ ಜ್ವರ... ಹಾರ ಹಾಕಲು ಒಂದು ಫೋಟೋ ಬೇಕೆಂದು ಹುಡುಕಿದೆವು. ಇಲ್ಲ. ಎಲ್ಲ ಮನೆಗೂ ಡಬ್ಬಿಯಿತ್ತು, ಅವಳಿಗೆ ಇರಲಿಲ್ಲ. ಇಷ್ಟು ವರ್ಷ ಒಬ್ಬರಿಗಾದರೂ ಹೊಳೆಯಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಅವಳ ಕ್ಯಾಮೆರಾದಲ್ಲಿ ಅರ್ಧ ಮುಗಿದ ಒಂದು ಸುರುಳಿ ಮಾತ್ರ ಉಳಿದಿತ್ತು. ಅದರಲ್ಲಿ ಅವಳೇನಾದರೂ ಇರಬಹುದೇ? ಕೆಟ್ಟರೆ ಇನ್ನೊಂದಿಲ್ಲ. ನಾನೇ ಒಳಹೋದೆ. ಕಣ್ಣು ಮುಚ್ಚಿದೆ. ಸುತ್ತಿದೆ, ತೊಳೆದೆ, ಬೆಳಕಿಗೆ ಹಿಡಿದೆ. ಒಂದೇ ಒಂದು ಚೌಕವೂ ಕೆಟ್ಟಿರಲಿಲ್ಲ.

ಕೊನೆಯ ಚೌಕದಲ್ಲಿ ಇಡೀ ಬೀದಿ ಗುಡಿಯ ಮುಂದೆ ನಿಂತಿದೆ. ಅದನ್ನೇ ದೊಡ್ಡದಾಗಿ ಅಚ್ಚು ಹಾಕಿ ಸ್ಟುಡಿಯೋ ಗೋಡೆಗೆ ಹಾಕಿದ್ದೇವೆ. ಬದುಕಿರುವವರ ಚಿತ್ರಕ್ಕೆ ಹಾರ ಹಾಕುವಂತಿಲ್ಲ, ಹೂವು ಕೆಳಗಿಡುತ್ತೇವೆ. ಈ ಅಮಾವಾಸ್ಯೆಗೆ ಹೊಸ ವರಿ ಎತ್ತಾಯಿತು, ಕಾಗದವೂ ಬಂತು. ಕಲಿಯಲು ಬರುವವರು ಅಕ್ಕ ಎಲ್ಲಿದ್ದಾರೆ ಎಂದು ಆ ಚಿತ್ರದಲ್ಲಿ ಹುಡುಕುತ್ತಾರೆ. ಅವಳು ಅದರಲ್ಲಿಲ್ಲ, ಸುರುಳಿಯ ಬೇರೆ ಚೌಕಗಳಲ್ಲೂ ಇಲ್ಲ. ಚಿತ್ರದಲ್ಲಿ ನಾವೆಲ್ಲ ನೋಡುತ್ತಿರುವುದು ಕ್ಯಾಮೆರಾ ಹಿಂದೆ ನಿಂತ ಅವಳನ್ನೇ.