ಇಬ್ಬರೂ ಒಟ್ಟಿಗೆ ಕೈಯೆತ್ತಿದಾಗ

ನನಗೆ ಕೋಪ ಮೂಗಿನ ತುದಿಯಲ್ಲೇ. ಬೆಂಗಳೂರಿನ ವಿಜಯನಗರದಲ್ಲಿ ನಾನು ನೆಟ್‌ವರ್ಕ್ ಕೆಲಸ ಮಾಡಿಕೊಟ್ಟಿರುವ ಅಂಗಡಿ, ಕ್ಲಿನಿಕ್‌ಗಳವರಿಗೆಲ್ಲ ಇದು ಗೊತ್ತು. ಆಂಟಿ ಬಂದ್ರು, ವೈರ್ ಮುಟ್ಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ. ಮುಟ್ಟದಿದ್ದರೆ ಅವರಿಗೇ ಒಳ್ಳೆಯದು.

ಹೋದ ವರ್ಷ ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಕಿವುಡ ಮಕ್ಕಳ ಶಾಲೆಯೊಂದರಿಂದ ಕರೆ ಬಂತು. ಅಲ್ಲಿನ ಒಬ್ಬ ಟೀಚರ್, ತಾವೂ ಕಿವಿ ಕೇಳಿಸದವರು, ಕೊಪ್ಪಳದ ಕಡೆಯ ಹಳ್ಳಿಯಲ್ಲಿರುವ ಒಂಬತ್ತು ವರ್ಷದ ಹುಡುಗಿಗೆ ದಿನಾ ಬೆಳಿಗ್ಗೆ ವಿಡಿಯೋದಲ್ಲಿ ಸನ್ನೆ ಭಾಷೆ ಕಲಿಸುತ್ತಿದ್ದರು. ಹುಡುಗಿ ತನ್ನೂರಿನ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಆ ಊರಲ್ಲಿ ಸನ್ನೆ ಭಾಷೆ ಬಲ್ಲವರು ಒಬ್ಬರೂ ಇಲ್ಲ. ಅವಳು ಮನಸಾರೆ ಮಾತಾಡಲು ಇದ್ದದ್ದು ಆ ಒಂದು ಗಂಟೆ ಮಾತ್ರ. ಅದರಲ್ಲೂ ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು. ನಮ್ಮಂಥವರಿಗೆ ಚಿತ್ರ ನಿಂತರೂ ದನಿ ಬರುತ್ತದೆ, ಹೇಗೋ ನಡೆಯುತ್ತದೆ. ಅವರಿಗೆ ಚಿತ್ರವೇ ಮಾತು. ಸೋಮವಾರದೊಳಗೆ ಸರಿಹೋಗದಿದ್ದರೆ ಈ ಕ್ಲಾಸು ನಿಲ್ಲಿಸಿ ರೆಕಾರ್ಡ್ ಮಾಡಿದ ಪಾಠ ಕಳಿಸುವುದೆಂದು ಶಾಲೆಯವರು ತೀರ್ಮಾನಿಸಿದ್ದರು. ರೆಕಾರ್ಡ್ ಮಾಡಿದ ಪಾಠಕ್ಕೆ ಆ ಮಗು ಏನು ಹೇಳೀತು?

ಶಾಲೆಯ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ಸ್ವಿಚ್ಚು, ಅದಕ್ಕೂ ಎರಡು ತಿಂಗಳ ಹಿಂದೆ ನಾನೇ ಕೂರಿಸಿದ್ದು. ಹಾಗಾಗಿ ತಪ್ಪು ಅಲ್ಲಿರುವುದು ಸಾಧ್ಯವೇ ಇಲ್ಲವೆಂದು ನನ್ನ ಜಂಭ. ದೀಪ ಬೇರೆ ಹಸಿರಾಗಿ ಉರಿಯುತ್ತಿತ್ತು. ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ಜಗಳವಾಡಿದೆ. ಕೇಬಲ್ ಬದಲಿಸಿದೆ, ಕ್ಯಾಮೆರಾ ಬದಲಿಸಿದೆ. ಹಳ್ಳಿಯ ಕಡೆಯೇ ದೋಷವಿರಬೇಕು ಎಂದೂ ಹೇಳಿ ನೋಡಿದೆ. ಎರಡು ದಿನ ಬಾಲ ಸುಟ್ಟ ಬೆಕ್ಕಿನ ಹಾಗೆ ಆ ಕಟ್ಟಡದಲ್ಲಿ ಓಡಾಡಿದೆ.

ಶನಿವಾರ ಬೆಳಿಗ್ಗೆ ಕ್ಲಾಸು ನಡೆಯುವಾಗ ನಾನು ಟೀಚರ್ ಹಿಂದೆಯೇ ನಿಂತು ಗೊಣಗುತ್ತಿದ್ದೆ. ನನ್ನ ಗೊಣಗಾಟ ಅವರಿಗೆ ಕೇಳಿಸದಿದ್ದರೂ ಮುಖ ಕಾಣಿಸಿತಲ್ಲ, ನಕ್ಕರು. ಆಮೇಲೆ ಫೋನಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದರು.

"ನಾನೊಬ್ಳೇ ಸನ್ನೆ ಮಾಡಿದ್ರೆ ಚೆನ್ನಾಗಿರತ್ತೆ. ಅವಳೊಬ್ಳೇ ಮಾಡಿದ್ರೂ ಚೆನ್ನಾಗಿರತ್ತೆ. ಇಬ್ರೂ ಒಟ್ಟಿಗೆ ಕೈ ಎತ್ತಿದ್ರೆ ನಿಂತ್ಹೋಗತ್ತೆ. ಯಾಕೆ?"

ಅಯ್ಯೋ ದೇವರೇ! ನನ್ನ ಕಿವಿಯೆಲ್ಲ ಬಿಸಿಯಾಯಿತು. ಎರಡು ದಿನದಲ್ಲಿ ಈ ಹೆಂಗಸನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಕೇಬಲ್ ಚುಚ್ಚಿದ ಕೂಡಲೇ ಸ್ವಿಚ್ಚಿನೊಳಗಿನ ಚಿಪ್ ಕೆಲಸಕ್ಕಿಳಿಯುವುದಿಲ್ಲ. ನನಗೆ ಇಷ್ಟು ವೇಗ ಬರುತ್ತದೆ, ಇಬ್ಬರೂ ಏಕಕಾಲಕ್ಕೆ ಮಾತಾಡಿದರೂ ನಿಭಾಯಿಸುತ್ತೇನೆ ಎಂದು ಮೊದಲು ಸಣ್ಣ ಮಿಡಿತಗಳಲ್ಲಿ ತಿಳಿಸುತ್ತದೆ. ಆ ತುದಿಯ ಚಿಪ್ ಕೂಡ ತನ್ನದನ್ನು ಹೇಳುತ್ತದೆ. ಇಬ್ಬರಿಗೂ ಒಗ್ಗುವುದರಲ್ಲಿ ಉತ್ತಮವಾದದ್ದನ್ನು ಆರಿಸಿಕೊಂಡ ಮೇಲೆಯೇ ಸಂಪರ್ಕ ಶುರುವಾಗುವುದು. ನಾನು ಕೆಲಸ ಕಲಿತ ಕಾಲದಲ್ಲಿ ಹಳೆಯ ಪೆಟ್ಟಿಗೆಗಳು ಈ ಮಾತುಕತೆಯಲ್ಲಿ ಎಡವುತ್ತಿದ್ದವು. ಅದಕ್ಕೆ ನಾವು ಎರಡೂ ತುದಿಯಲ್ಲಿ ಕೈಯಾರೆ ಒಂದೇ ವೇಗ ಕಟ್ಟಿಹಾಕಿ, ಮಾತುಕತೆಯನ್ನೇ ಬಂದ್ ಮಾಡುತ್ತಿದ್ದೆವು. ಆ ಚಾಳಿ ನನ್ನನ್ನು ಬಿಟ್ಟಿರಲಿಲ್ಲ. ಇಲ್ಲಿ ಸ್ವಿಚ್ಚಿನ ತುದಿಯನ್ನು, ಇಬ್ಬರೂ ಒಟ್ಟಿಗೆ ಮಾತಾಡಬಹುದು ಎಂದು ಕಟ್ಟಿಹಾಕಿದ್ದೆ. ಇನ್ನೊಂದು ತುದಿ ಇಂಟರ್ನೆಟ್‌ನವರ ರೂಟರಿನಲ್ಲಿತ್ತು, ಅದನ್ನು ಹಾಗೇ ಬಿಟ್ಟಿದ್ದೆ.

ಈ ಕಡೆಯಿಂದ ಉತ್ತರವೇ ಬರದಿದ್ದಾಗ ಪಾಪ ಆ ರೂಟರು ಏನು ಮಾಡಬೇಕು? ಸಿಗ್ನಲ್ ನೋಡಿ ವೇಗವನ್ನೇನೋ ಕಂಡುಕೊಳ್ಳುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಬಹುದೇ ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ. ನಿಯಮದ ಪ್ರಕಾರ, ಒಂದು ಸಲಕ್ಕೆ ಒಬ್ಬರೇ ಎಂದುಕೊಂಡು ಕೂರುತ್ತದೆ. ದೀಪ ಹಸಿರಾಗಿಯೇ ಇರುತ್ತದೆ. ಸುಮ್ಮನೆ ಕೂತವರ ಚಿತ್ರ ಹಗುರ, ಹೇಗೋ ದಾಟುತ್ತದೆ. ಎರಡೂ ಕಡೆ ಕೈಯಾಡತೊಡಗಿದರೆ ಎರಡೂ ಕಡೆಯ ಭಾರ ಏರಿ, ಒಂದಕ್ಕೊಂದು ಡಿಕ್ಕಿಯಾಗಿ, ಚಿತ್ರದ ಚೂರುಗಳು ಹಾಳಾಗುತ್ತವೆ.

ಲ್ಯಾಪ್‌ಟಾಪ್ ತೆರೆದು ಸ್ವಿಚ್ಚು ಬರೆದಿಡುವ ದೋಷಗಳ ಲೆಕ್ಕ ನೋಡಿದೆ. ರೂಟರಿನ ಕೇಬಲ್ ಚುಚ್ಚಿದ್ದ ಆ ಒಂದು ಪೋರ್ಟಿನಲ್ಲಿ ಕೆಟ್ಟು ಬಂದ ತುಣುಕುಗಳು ರಾಶಿ ಬಿದ್ದಿದ್ದವು. ಮೊದಲ ದಿನವೇ ನೋಡಬೇಕಾದ ಪುಟ ಅದು. ವೇಗದ ಕಟ್ಟು ಬಿಚ್ಚಿ, ಚಿಪ್‌ಗಳನ್ನು ಮಾತುಕತೆಗೆ ಬಿಟ್ಟೆ. ಹಸಿರು ದೀಪ ಆರಿತು, ಟೀಚರ್ ಗಾಬರಿಯಿಂದ ನನ್ನ ತೋಳು ಹಿಡಿದರು. ಎರಡು ಮೂರು ಸೆಕೆಂಡ್ ಕಳೆದು ಚಿಪ್‌ಗಳು ಒಪ್ಪಂದಕ್ಕೆ ಬಂದವು, ದೀಪ ಮತ್ತೆ ಹತ್ತಿತು.

ಹುಡುಗಿ ಪರದೆಗೆ ಬಂದಳು. ಇಬ್ಬರೂ ಒಟ್ಟಿಗೆ ಕೈಯೆತ್ತಿದರು. ಚಿತ್ರ ನಿಲ್ಲಲಿಲ್ಲ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಹರಟಿದರು, ಸಂತೆಯಲ್ಲಿ ಸಿಕ್ಕ ಅಕ್ಕ ತಂಗಿಯರ ಹಾಗೆ. ನನಗಾದ ಖುಷಿ ಅಷ್ಟಿಷ್ಟಲ್ಲ. ರೆಕಾರ್ಡ್ ಪಾಠದ ಮಾತು ಆ ಶಾಲೆಯಲ್ಲಿ ಮತ್ತೆ ಬರಲೇ ಇಲ್ಲ.

ಆದರೆ ನಡುವೆ ಟೀಚರ್ ಕೈಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಏನಾಯಿತು ಎಂದು ಕೈಯಾಡಿಸಿ ಕೇಳಿದೆ. ಅವರು ನಿಧಾನವಾಗಿ ಟೈಪ್ ಮಾಡಿದರು.

"ಅವಳು ಮಾತಾಡೋಕೆ ಶುರು ಮಾಡಿದ್ ತಕ್ಷಣ ನಾನು ಅಲ್ಲಾಡ್ದೆ ನಿಂತ್ಬಿಡ್ತಿದ್ನಂತೆ. ಟೀಚರ್‌ಗೆ ನನ್ ಮೇಲೆ ಸಿಟ್ಟು ಅಂತ ಇಷ್ಟ್ ದಿನ ಅನ್ಕೊಂಡಿದ್ಳಂತೆ."

ತಪ್ಪು ನನ್ನದು, ದಯವಿಟ್ಟು ಅವಳಿಗೆ ಹಾಗೆಂದು ಹೇಳಿಬಿಡಿ ಎಂದು ಬರೆದು ತೋರಿಸಿದೆ. ಟೀಚರ್ ಒಪ್ಪಲಿಲ್ಲ. ಕುರ್ಚಿಯಿಂದ ಎದ್ದು ನನ್ನನ್ನೇ ಕೂರಿಸಿ, ಕ್ಷಮೆ ಕೇಳುವ ಸನ್ನೆಯನ್ನು ಎರಡು ಸಲ ಮಾಡಿ ತೋರಿಸಿದರು. ನಾನು ಕ್ಯಾಮೆರಾ ನೋಡುತ್ತ ಹೇಗೋ ಮಾಡಿದೆ. ಹುಡುಗಿ ಗಂಭೀರವಾಗಿ ನೋಡಿ, ಇಲ್ಲವೆಂದು ತಲೆಯಾಡಿಸಿ, ತನ್ನ ಕೈಯೆತ್ತಿ, ನನಗೆ ಅರ್ಥವಾಗಲೆಂದು ನಿಧಾನವಾಗಿ, ಬೆರಳು ಹೇಗಿಡಬೇಕೆಂದು ತೋರಿಸಿಕೊಟ್ಟಳು. ನಾನು ಸರಿಯಾಗಿ ಮಾಡುವವರೆಗೂ ಬಿಡಲಿಲ್ಲ.